ಬುಡ ಬಿಳಿ, ನಡು ಕಪ್ಪು

ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ,
ಬೆಳಗಿನ ಜಾವ ನಾಲ್ಕೂವರೆಗೆ,
ಕಾಟನ್‌ಪೇಟೆಯ ನಮ್ಮ ವಠಾರಕ್ಕೆ.
ನನ್ನ ಗಡ್ಡಕ್ಕೂ ಅದೇ ಪಂಚಾಂಗ.
ಬೋರ್‌ವೆಲ್ ನೀರಲ್ಲಿ ಸೋಪು
ಹುಳಿ ಹಿಂಡಿದ ಹಾಲಿನಂತೆ ಒಡೆಯುತ್ತದೆ,
ನೊರೆ ಏಳುವುದಿಲ್ಲ.

ಬ್ರಷ್ಷು ಬಂದದ್ದು ಒಂದು ಮದುವೆಯಿಂದ.
ಬಸವನಗುಡಿಯ ಛತ್ರದ ಬಾಗಿಲಲ್ಲಿ, ವರಪೂಜೆಯ ರಾತ್ರಿ,
ಹುಡುಗನ ಸೋದರಮಾವ ಜೇಬು ತಡಕಿದ, ಚಿಲ್ಲರೆ ಇರಲಿಲ್ಲ.
ಕಾರಿನ ಡಿಕ್ಕಿಯಿಂದ ಒಂದು ಡಬ್ಬಿ ತೆಗೆದು
'ಕ್ಲಾರಿನೆಟ್ಟಿನವರಿಗೆ' ಅಂದ.
ಡ್ರಮ್ಮಿನ ಶೇಷು ಒಳಗೆ ದುಡ್ಡಿರಬಹುದೆಂದು ಪಾಲು ಕೇಳಿದ.
ಬಿಚ್ಚಿದೆ. ಆಮೇಲೆ ಯಾರೂ ಪಾಲು ಕೇಳಲಿಲ್ಲ.

ಮೊದಲ ದಿನ ಬೆಚ್ಚಗಿನ ನೀರಲ್ಲಿ ನೆನೆಸಿದೆ.
ನಾತ.
ಒದ್ದೆ ನಾಯಿಯದೂ ಅಲ್ಲ, ಇಲಿಯದೂ ಅಲ್ಲ,
ಯಾವುದೋ ಬಿಲದೊಳಗಿನ ನಿದ್ದೆಯ ವಾಸನೆ.
ಮೂಗಿಗೆ ಸೆರಗು ಒತ್ತಿ ಸಂಪಂಗಮ್ಮ: 'ಏನದು, ಯಾವುದರ ಕೂದಲು?'
ಡಬ್ಬಿಯ ಮೇಲಿನ ಇಂಗ್ಲಿಷನ್ನು ಓನರ್ ಮಗಳು ಓದಿದಳು, ಬ್ಯಾಡ್ಜರ್ ಅಂತ.
ನಮ್ಮ ತರಕರಡಿಗೆ ದೂರದ ದಾಯಾದಿಯಂತೆ.
'ಕರಡಿ ಕೂದಲನ್ನ ದೇವರ ಗೂಡಿನ ಹತ್ತಿರ ಇಡಬೇಡಿ' ಎಂದು
ಮೊಳೆ ಹೊಡೆಯುವ ಜಾಗ ಅವಳೇ ತೋರಿಸಿದಳು:
ಕಿಟಕಿಯ ಪಕ್ಕ, ಪೊರಕೆಯ ಮೇಲೆ.

ದಾರಿ ಹೇಳಿದವನು ಕದಿರಪ್ಪ.
ಅಕ್ಕಿಪೇಟೆಯ ಮೂಲೆಯಲ್ಲಿ ಅವನದು ಎರಡು ಕುರ್ಚಿಯ ಸಲೂನು.
ಬ್ರಷ್ಷನ್ನು ಅಂಗೈಯಲ್ಲಿ ತಿರುಗಿಸಿ, ತನ್ನ ಕೆನ್ನೆಗೆ ಒತ್ತಿ,
ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ.
'ನೊರೆ ಮಾಡಿ ಹಾಗೇ ಒಂದು ರಾತ್ರಿ ಬಿಡು. ಮೂರು ಸಲ.
ಕುದಿಯೋ ನೀರು ತೋರಿಸಬೇಡ, ಬುಡದ ಅಂಟು ಬಿಡ್ತದೆ.
ಮುಖಕ್ಕೆ ತಿಕ್ಕಬೇಡ, ಬಳಿ, ಗೋಡೆಗೆ ಸುಣ್ಣ ಬಳಿದ ಹಾಗೆ.
ತೊಳೆದು ಒದರಿ ತಲೆಕೆಳಗಾಗಿ ತೂಗುಹಾಕು.
ಒದ್ದೆ ಇದ್ದಾಗ ಡಬ್ಬಿಯಲ್ಲಿ ಮುಚ್ಚಿಟ್ಟೆಯೋ, ಕೊಳೀತದೆ.'
ಇದರಲ್ಲಿ ಅರ್ಧ ನನಗೆ ಮೊದಲೇ ಗೊತ್ತಿತ್ತು.
ಕ್ಲಾರಿನೆಟ್ಟಿನ ರೀಡಿಗೂ ಇದೇ ಮಾತು,
ಊದುವ ಮುನ್ನ ನೆನೆಯಬೇಕು, ಊದಿದ ಮೇಲೆ ಒಣಗಬೇಕು,
ಮರೆತರೆ ಮುಹೂರ್ತದಲ್ಲೇ ಕೀರಲು.

ಮೂರನೆಯ ಕಾವೇರಿ ದಿನ ನಾತ ಹೋಯಿತು.
ಬಾದಾಮಿಯಷ್ಟು ಸೋಪು, ನಾಲ್ಕು ಹನಿ ನೀರು,
ಸ್ಟೀಲು ಲೋಟದೊಳಗೆ ಗಿರಿಗಿರಿ ತಿರುಗಿಸಿದ್ದೇ
ಹುದುಗಿದ ಇಡ್ಲಿಹಿಟ್ಟಿನ ಹಾಗೆ ಅಂಚು ಮೀರಿ ಎದ್ದಿತು.
ಕೆನ್ನೆಗೆ ಇಟ್ಟೆ.
ಐವತ್ತೇಳು ವರ್ಷದಲ್ಲಿ ಈ ಮುಖವನ್ನು
ಇಷ್ಟು ಮೆತ್ತಗೆ ಮುಟ್ಟಿದವರು ಯಾರು ಅಂತ ಯೋಚಿಸಿದೆ.
ಸಂಪಂಗಮ್ಮನಿಗೆ ಇದನ್ನು ಹೇಳಿಲ್ಲ.

ಆಗಲೇ ಒಂದು ಕೂದಲು ಉದುರಿತು, ನೊರೆಯ ಮೇಲೆ.
ಹೊಸದರಲ್ಲಿ ಉದುರ್ತದೆ, ಹೆದರಬೇಡ ಅಂದಿದ್ದ ಕದಿರಪ್ಪ.
ಬೆರಳ ತುದಿಯಲ್ಲಿ ಎತ್ತಿ ಬಲ್ಬಿಗೆ ಹಿಡಿದೆ.
ಬುಡ ಬಿಳಿ, ನಡು ಕಪ್ಪು, ತುದಿ ಮತ್ತೆ ಬಿಳಿ.
ಕನ್ನಡಿಗೆ ತಲೆ ಬಗ್ಗಿಸಿದೆ.
ಬಣ್ಣ ಹಚ್ಚಿ ಮೂರು ವಾರ: ಬುಡ ಬಿಳಿ, ಮೇಲೆಲ್ಲ ಕಪ್ಪು.
ಮೆರವಣಿಗೆಯ ಮುಂದೆ ನರೆತವರು ಬೇಡ ಅಂತಾರೆ ಏಳುಮಲೈ ಮೇಸ್ಟ್ರು,
ಬ್ಯಾಂಡಿನ ಖರ್ಚಲ್ಲೇ ಪುಡಿ ಕೊಡಿಸುತ್ತಾರೆ, ತಿಂಗಳಿಗೆ ಎರಡು ಪೊಟ್ಟಣ.
ಆ ಪ್ರಾಣಿಗೆ ಯಾವ ಮೇಸ್ಟ್ರು ಹೇಳಿದ್ದರೋ
ನಡುವಿಗೆ ಮಾತ್ರ ಹಚ್ಚಿಕೋ,
ತುದಿ ಹಾಗೇ ಇರಲಿ ಅಂತ.

ಈಗ ಆಷಾಢ. ಮದುವೆಯಿಲ್ಲ.
ಹಿತ್ತಾಳೆ ಗುಂಡಿಯ ಕೆಂಪು ಕೋಟು ಟ್ರಂಕಿನಲ್ಲಿದೆ.
ಪೊಟ್ಟಣ ಎರಡೂ ಬಿಚ್ಚಿಲ್ಲ.
ಯಾರಿಗಾಗಿಯೂ ಗಡ್ಡ ಹೆರೆಯಬೇಕಿಲ್ಲ, ಆದರೂ
ಕತ್ತಲಲ್ಲಿ ನಲ್ಲಿ ಕೆಮ್ಮುವುದನ್ನೇ ಕಾದು ಮಲಗಿರುತ್ತೇನೆ.
ಬಿಂದಿಗೆಗಳ ಸಾಲು ಶುರುವಾಗುತ್ತದೆ, ಜಗಳವೂ.
ಸಂಪಂಗಮ್ಮ ಮೊದಲ ಲೋಟ ಹಿಡಿದು ಒಳಗೆ ತಂದಿಟ್ಟು
'ನಿಮ್ಮ ಕರಡಿಗೆ' ಅನ್ನುತ್ತಾಳೆ,
ಮತ್ತೆ ಬಿಂದಿಗೆಗೆ ಓಡುತ್ತಾಳೆ.